80 ಕಿಲೋಮೀಟರ್ ಸಮುದ್ರ, ಎರಡು ಕ್ಯಾಲೆಂಡರ್

ಎಸ್ಟೋನಿಯಾದ ತಾಲಿನ್ ಮತ್ತು ಫಿನ್‌ಲೆಂಡಿನ ಹೆಲ್ಸಿಂಕಿ ನಗರಗಳು ಕೂಡಿ ಮಾಡಿದ ಒಂದು ಸಂಶೋಧನೆಯಲ್ಲಿ ಎರಡು ವರ್ಷ ಕೆಲಸ ಮಾಡಿ ಬಂದೆ. ಬೆಳಗಾವಿಗೆ ವಾಪಸ್ ಬಂದ ಮೇಲೆ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ಚಳಿ ಹೇಗಿತ್ತು, ಊಟಕ್ಕೆ ಏನು ಮಾಡಿದೆ. ನನಗೆ ಹೇಳಬೇಕು ಅನಿಸುತ್ತಿರುವುದು ಬೇರೆ. ಎರಡು ದೇಶದ ರಾಜಧಾನಿಗಳು ಸೇರಿ ವಿಜ್ಞಾನದ ಕೆಲಸ ಮಾಡುತ್ತವೆ ಅಂತ ಪೇಪರಿನಲ್ಲಿ ಓದುತ್ತೇವಲ್ಲ, ಅದು ದಿನದ ಕೆಲಸದಲ್ಲಿ ಹೇಗಿರುತ್ತದೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಸಿಕ್ಕನ್ನು ಯಾರು ಬಿಡಿಸುತ್ತಾರೆ ಅನ್ನುವುದು. ಗಡಿಯ ಊರಲ್ಲಿ ಹುಟ್ಟಿ ಬೆಳೆದವಳಾದ್ದರಿಂದ ಇದು ನನಗೆ ಜಾಸ್ತಿ ತಟ್ಟಿತು.

ನಮ್ಮ ಮನೆ ಶಹಾಪುರದಲ್ಲಿ. ಅಪ್ಪ ಉದ್ಯಮಬಾಗಿನ ಒಂದು ಫೌಂಡ್ರಿಯಲ್ಲಿ ಮೂವತ್ತು ವರ್ಷ ದುಡಿದವರು. ಅವರ ಕಾರ್ಖಾನೆಗೆ ಪ್ಯಾಟರ್ನ್, ಅಂದರೆ ಎರಕದ ಅಚ್ಚು ಮಾಡುವ ಮಾದರಿ, ಕೊಲ್ಹಾಪುರದಿಂದ ಬರುತ್ತಿತ್ತು. ಎರಕ ಇಲ್ಲಿ ಆಗುತ್ತಿತ್ತು. ಕೆಲವು ಮಾಲು ಮತ್ತೆ ಶಿನೋಳಿಗೆ ಹೋಗುತ್ತಿತ್ತು, ಶಿನೋಳಿ ಅಂದರೆ ನಮ್ಮೂರಿಂದ ಗಡಿ ದಾಟಿದ ಕೂಡಲೇ ಸಿಗುವ ಮಹಾರಾಷ್ಟ್ರದ ಊರು. ಗಡಿಯಾಚೆಯ ಚಂದಗಡದ ಜನ ಆಸ್ಪತ್ರೆಗೆ, ಸಂತೆಗೆ, ಕಾಲೇಜಿಗೆ ಬೆಳಗಾವಿಗೇ ಬರುತ್ತಾರೆ. ಹೀಗಾಗಿ ಜನ ಗಡಿ ದಾಟುವುದು ನನಗೆ ಹೊಸದಲ್ಲ. ಸಂಸ್ಥೆಗಳು ಗಡಿ ದಾಟುವುದನ್ನು ಮಾತ್ರ ನಾನು ಹತ್ತಿರದಿಂದ ನೋಡಿರಲಿಲ್ಲ.

2022ರಲ್ಲಿ ಆ ಕೆಲಸ ಸಿಕ್ಕಿತು. ವಿಷಯ, ಶಾಲೆಯ ತರಗತಿಯೊಳಗಿನ ಗಾಳಿ. ಫಿನ್‌ಲೆಂಡಿನಲ್ಲಿ ಶಾಲೆಗಳ ಒಳಗಾಳಿ ಬಹಳ ವರ್ಷಗಳ ತಲೆನೋವು. ತೇವ, ಗೋಡೆಯಲ್ಲಿ ಬೂಷ್ಟು, ಮಕ್ಕಳಿಗೆ ಕೆಮ್ಮು. ಎಸ್ಟೋನಿಯಾದಲ್ಲಿ ಸೋವಿಯತ್ ಕಾಲದ ಶಾಲೆ ಕಟ್ಟಡಗಳಿವೆ. ಚಳಿ ತಡೆಯಲು ಅವುಗಳ ಗೋಡೆ ಕಿಟಕಿಗಳನ್ನು ಬಿಗಿ ಮಾಡುತ್ತಾ ಬಂದ ಹಾಗೆ ಒಳಗೆ ಗಾಳಿ ಆಡುವುದು ಹೇಗೆ ಅನ್ನುವ ಪ್ರಶ್ನೆ ಹುಟ್ಟಿತು. ಎರಡೂ ಕಡೆ ಚಳಿ ಒಂದೇ, ಸಮುದ್ರ ಒಂದೇ, ಗಡಿಯಾರದ ಸಮಯವೂ ಒಂದೇ. ನಡುವೆ ಇರುವುದು ಸುಮಾರು 80 ಕಿಲೋಮೀಟರ್ ನೀರು. ಹಾಗಾದರೆ ಕೂಡಿ ಅಳೆಯೋಣ, ಕೂಡಿ ಕಲಿಯೋಣ ಅನ್ನುವುದು ಯೋಜನೆ. ಕೇಳಲಿಕ್ಕೆ ಸುಲಭ ಅನಿಸುತ್ತದೆ, ಅಲ್ವಾ?

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ನನ್ನ ಪದವಿ ವಿಟಿಯುದು. ವಿಶ್ವವಿದ್ಯಾಲಯ ನಮ್ಮೂರ ಮಚ್ಛೆಯಲ್ಲೇ ಇರುವುದರಿಂದ ಬೇರೆ ಜಿಲ್ಲೆಯವರ ಹಾಗೆ ರಾತ್ರಿ ಬಸ್ಸಿನಲ್ಲಿ ಬರುವ ಕಷ್ಟ ನನಗೆ ಇರಲಿಲ್ಲ. ಪದವಿ ಪತ್ರಕ್ಕೆ ಅಪೊಸ್ಟಿಲ್, ಅಂದರೆ ಬೇರೆ ದೇಶದಲ್ಲಿ ಒಪ್ಪುವಂತೆ ಹಾಕುವ ಮುದ್ರೆ, ಬೇಕು. ಅರ್ಜಿ ಕೊಡಲು ದೆಹಲಿಯಲ್ಲಿರುವ ಎಸ್ಟೋನಿಯಾ ರಾಯಭಾರ ಕಚೇರಿಗೆ ನಾನೇ ಹೋಗಬೇಕಿತ್ತು. ಗೋವಾ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಒಂದು ಹಗಲು. ಅವ್ವ ಕಟ್ಟಿಕೊಟ್ಟ ಶೇಂಗಾ ಹೋಳಿಗೆ ತಿನ್ನುತ್ತಾ ಹೋದೆ, ಬರುವಾಗ ಡಬ್ಬಿ ಖಾಲಿ. ಹೋಗಲು ತಯಾರಿ ಮಾಡುವವರಿಗೆ ಒಂದೇ ಮಾತು: ಯಾವ ಬಗೆಯ ಪರವಾನಿಗೆಗೆ ಅರ್ಜಿ ಹಾಕುತ್ತಿದ್ದೀರಿ ಅನ್ನುವುದನ್ನು ಮೊದಲೇ ಸರಿಯಾಗಿ ನೋಡಿಕೊಳ್ಳಿ. ನನಗೆ ಪೆಟ್ಟು ಬಿದ್ದದ್ದು ಅಲ್ಲೇ.

ಎಸ್ಟೋನಿಯಾದ ವಾಸದ ಪರವಾನಿಗೆ ಇದ್ದರೆ ಫಿನ್‌ಲೆಂಡಿಗೆ ಹೋಗಬಹುದು. ಎರಡೂ ಷೆಂಗೆನ್ ದೇಶಗಳು, ಅಂದರೆ ತಮ್ಮ ನಡುವಿನ ಗಡಿಯಲ್ಲಿ ಪಾಸ್‌ಪೋರ್ಟ್ ತಪಾಸಣೆ ತೆಗೆದುಹಾಕಿದ ಗುಂಪಿನವು. ಯಾವುದೇ 180 ದಿನಗಳಲ್ಲಿ 90 ದಿನ ಓಡಾಡಬಹುದು. ಬಂದರಿನಲ್ಲಿ ಸಾಮಾನ್ಯವಾಗಿ ಯಾರೂ ತಡೆದು ನಿಲ್ಲಿಸುವುದಿಲ್ಲ. ಆದರೆ ಹೋಗುವುದು ಬೇರೆ, ಅಲ್ಲಿ ಕೂತು ಕೆಲಸ ಮಾಡುವುದು ಬೇರೆ. ಐರೋಪ್ಯ ಒಕ್ಕೂಟದ ಪ್ರಜೆಯಾಗಿದ್ದರೆ ಈ ಪ್ರಶ್ನೆಯೇ ಬರುವುದಿಲ್ಲ, ನನ್ನ ಸಹೋದ್ಯೋಗಿಗಳಿಗೆ ಅದು ಹೊಳೆದೂ ಇರಲಿಲ್ಲ. ನಮ್ಮಂಥವರಿಗೆ ಒಂದು ದಾರಿ ಇದೆ. 2016ರಲ್ಲಿ ಒಕ್ಕೂಟ ಮಾಡಿದ ನಿಯಮದ ಪ್ರಕಾರ, ಒಂದು ದೇಶದಲ್ಲಿ ಸಂಶೋಧಕರ ಪರವಾನಿಗೆ ಇದ್ದವರು ಇನ್ನೊಂದು ದೇಶದಲ್ಲಿ 360 ದಿನಗಳಲ್ಲಿ 180 ದಿನದವರೆಗೆ ಸಂಶೋಧನೆ ಮಾಡಬಹುದು. ಫಿನ್‌ಲೆಂಡಿನಲ್ಲಿ ಮೊದಲೇ ಒಂದು ತಿಳಿವಳಿಕೆ ಪತ್ರ ಸಲ್ಲಿಸಬೇಕು, ಅಷ್ಟೇ. ಆದರೆ ಪರವಾನಿಗೆ ಸಂಶೋಧಕರದ್ದೇ ಆಗಿರಬೇಕು. ನಮ್ಮ ಯೋಜನೆಯ ಕಾಗದ ನೋಡುತ್ತಿದ್ದವರು ನನ್ನ ಅರ್ಜಿಯನ್ನು ಸಾಮಾನ್ಯ ನೌಕರಿಯದ್ದು ಅಂತ ತುಂಬಿಸಿದ್ದರು. ಅದು ಗೊತ್ತಾಗಿದ್ದು ನಾನು ತಾಲಿನ್‌ಗೆ ಹೋಗಿ ಮೂರನೇ ವಾರಕ್ಕೆ. ಸರಿ ಮಾಡಿಸಲು ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳು ಹೆಲ್ಸಿಂಕಿಯ ಸಭೆಗಳಲ್ಲಿ ನಾನು ಪರದೆಯ ಮೇಲಿನ ಒಂದು ಮುಖ. ಶನಿವಾರ ಹಡಗು ಹತ್ತಿ ಹೆಲ್ಸಿಂಕಿ ನೋಡಿ ಬರಬಹುದಿತ್ತು, ಸೋಮವಾರ ಅದೇ ಊರಿನ ಪ್ರಯೋಗಾಲಯದಲ್ಲಿ ಸ್ಕ್ರೂಡ್ರೈವರ್ ಹಿಡಿಯುವಂತಿರಲಿಲ್ಲ. ಬಹಳ ಬೇಸರವಾಗಿತ್ತು ಆಗ.

ಆಮೇಲೆ ದಾಟುವುದು ದಿನಚರಿಯಾಯಿತು. ಎರಡು ವಾರಕ್ಕೊಮ್ಮೆಯಾದರೂ ಹೋಗುತ್ತಿದ್ದೆ. ಹಡಗಿನಲ್ಲಿ ಎರಡು ಗಂಟೆ. ಹಡಗು ಅಂದರೆ ಸಣ್ಣದಲ್ಲ, ಲಾರಿಗಳು ಹೊಟ್ಟೆಯೊಳಗೆ ಸಾಲುಗಟ್ಟಿ ನಿಲ್ಲುತ್ತವೆ, ಮೇಲೆ ಜನ. 2022ರ ಡಿಸೆಂಬರಿನಲ್ಲೇ ಮೈಸ್ಟಾರ್ ಅನ್ನುವ ಹೊಸ ಹಡಗು ಓಡಲು ಶುರುವಾಯಿತು. ಹೆಲ್ಸಿಂಕಿಯ ಪಶ್ಚಿಮ ಬಂದರಿನಲ್ಲಿ ಇಳಿದರೆ ಎದುರಿಗೇ ಟ್ರಾಮ್. ಆದರೂ ತಾಲಿನ್‌ನ ನನ್ನ ಕೋಣೆಯ ಬಾಗಿಲಿನಿಂದ ಅಲ್ಲಿನ ಪ್ರಯೋಗಾಲಯದ ಬಾಗಿಲಿಗೆ ನಾಲ್ಕು ಗಂಟೆ ಆಗುತ್ತಿತ್ತು. ಅರ್ಧ ಗಂಟೆ ಮೊದಲು ಬಂದರಿನಲ್ಲಿರಬೇಕು, ಹತ್ತಬೇಕು, ಇಳಿಯಬೇಕು, ಕಾಯಬೇಕು. ಬೆಳಗಾವಿಯಿಂದ ಕೊಲ್ಹಾಪುರಕ್ಕೆ ಹೆದ್ದಾರಿಯಲ್ಲಿ ಸುಮಾರು 110 ಕಿಲೋಮೀಟರ್, ಬಸ್ಸಿನಲ್ಲಿ ನಿಪ್ಪಾಣಿ ಮೇಲೆ ಹಾಯ್ದು ಅದಕ್ಕಿಂತ ಬೇಗ ಮುಟ್ಟುತ್ತೇವೆ ಅಂತ ನಾನು ಅಲ್ಲಿನ ಸಹೋದ್ಯೋಗಿಗಳಿಗೆ ಹೇಳಿದ್ದೆ. ಹಾಗಾದರೆ ನೀವು ಏನೇನು ಕೂಡಿ ಮಾಡುತ್ತೀರಿ ಅಂತ ಕೇಳಿದರು. ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ಆ ಪ್ರಶ್ನೆ ನನ್ನ ಜೊತೆಗೇ ಉಳಿಯಿತು.

ಸಮುದ್ರದ ಕೆಳಗೆ ಸುರಂಗ ಕೊರೆದು ರೈಲು ಓಡಿಸುವ ವಿಚಾರವೂ ಇದೆ. 2018ರ ಫೆಬ್ರವರಿಯಲ್ಲಿ ಬಂದ ಅಧ್ಯಯನದ ಪ್ರಕಾರ ರೈಲಿನಲ್ಲಿ ಅರ್ಧ ಗಂಟೆ, ಖರ್ಚು 13ರಿಂದ 20 ಬಿಲಿಯನ್ ಯೂರೋ. ಇದರ ಬಗ್ಗೆ ಅಲ್ಲಿ ಎಲ್ಲರಿಗೂ ಒಂದು ಅಭಿಪ್ರಾಯ ಇದೆ. ನನ್ನ ಅಭಿಪ್ರಾಯ ಹೇಳುವುದಾದರೆ, ನಮ್ಮ ಕೆಲಸ ನಿಂತಾಗಲೆಲ್ಲ ನಿಂತದ್ದು ಸಮುದ್ರದ ಕಾರಣಕ್ಕಲ್ಲ. ಹಡಗು ಸಮಯಕ್ಕೆ ಸರಿಯಾಗಿ ಬರುತ್ತಿತ್ತು, ಚಳಿಗಾಲದಲ್ಲೂ.

ನಿಂತದ್ದು ಹಣದ ಕಾರಣಕ್ಕೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಐರೋಪ್ಯ ಒಕ್ಕೂಟದಲ್ಲಿ ಗಡಿ ಆಚೀಚೆಯ ಕೆಲಸಕ್ಕೆ ಅಂತಲೇ ಇಂಟರ್‌ರೆಗ್ ಅನ್ನುವ ಹಣ ಇದೆ. ಈ ಭಾಗಕ್ಕೆ ಇರುವುದು ಸೆಂಟ್ರಲ್ ಬಾಲ್ಟಿಕ್ ಕಾರ್ಯಕ್ರಮ, ಫಿನ್‌ಲೆಂಡ್, ಎಸ್ಟೋನಿಯಾ, ಲಾಟ್ವಿಯಾ, ಸ್ವೀಡನ್ ಸೇರಿ. ಅದರ ಆಡಳಿತ ತುರ್ಕು ನಗರದಲ್ಲಿದೆ. ಇಂಥ ಯೋಜನೆಗಳ ರೀತಿ ಹೀಗೆ: ಒಬ್ಬರು ಮುಖ್ಯ ಪಾಲುದಾರ, ಎಲ್ಲರ ಪರವಾಗಿ ಜವಾಬ್ದಾರಿ ಅವರದು. ಉಳಿದವರು ಪಾಲುದಾರರು. ಮೊದಲು ನೀವೇ ಖರ್ಚು ಮಾಡಬೇಕು, ಲೆಕ್ಕ ಕೊಡಬೇಕು, ಪರಿಶೀಲನೆ ಆಗಬೇಕು, ಆಮೇಲೆ ಹಣ ವಾಪಸ್ ಬರುತ್ತದೆ. ಪೂರ್ತಿ ಬರುವುದಿಲ್ಲ, ಒಂದು ಪಾಲು ನಿಮ್ಮದೇ. ಇದರಲ್ಲಿ ಒಂದು ನ್ಯಾಯ ಇದೆ, ತಮ್ಮ ಕೈಯಿಂದಲೂ ಹಾಕಿದವರು ಕೆಲಸವನ್ನು ಮಧ್ಯದಲ್ಲಿ ಬಿಟ್ಟು ಹೋಗುವುದಿಲ್ಲ. ಆದರೆ ಸಣ್ಣ ಸಂಸ್ಥೆಗೆ ಆರೆಂಟು ತಿಂಗಳು ಹಣ ಹೊರಗೆ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ.

ನಮ್ಮದೂ ಇಂಥದೇ ಹಣದಿಂದ ನಡೆದ ಯೋಜನೆ. ಗಾಳಿ ಅಳೆಯುವ ಯಂತ್ರಗಳು ಬೇಕಿತ್ತು. ಕಾರ್ಬನ್ ಡೈಆಕ್ಸೈಡ್, ಉಷ್ಣತೆ, ತೇವ ಮೂರನ್ನೂ ಅಳೆಯುವ ಅಂಗೈ ಅಗಲದ ಡಬ್ಬಿ. ಎಲ್ಲವನ್ನೂ ಒಟ್ಟಿಗೆ ಕೊಂಡರೆ ಚೆನ್ನ ಅಂತ ಯಾರಿಗಾದರೂ ಹೊಳೆಯುತ್ತದೆ. ಆದರೆ ತಾಲಿನ್ ಪಾಲಿನ ಹಣದಲ್ಲಿ ಹೆಲ್ಸಿಂಕಿಗೆ ಕೊಳ್ಳುವಂತಿಲ್ಲ, ಹೆಲ್ಸಿಂಕಿ ಪಾಲಿನದರಲ್ಲಿ ತಾಲಿನ್‌ಗೆ ಕೊಳ್ಳುವಂತಿಲ್ಲ. ಪ್ರತಿ ಸಂಸ್ಥೆಯ ಖರೀದಿ ನಿಯಮ ಬೇರೆ. ಒಂದು ಕಡೆ ಮೂರು ದರಪತ್ರ ಸಾಕು, ಇನ್ನೊಂದು ಕಡೆ ಟೆಂಡರ್. ಹೀಗಾಗಿ ಒಂದೇ ಕಂಪನಿಯ, ಒಂದೇ ಹೆಸರಿನ ಯಂತ್ರಗಳು ಎರಡು ಸಲವಾಗಿ, ಐದು ತಿಂಗಳ ಅಂತರದಲ್ಲಿ ಬಂದವು. ಅಷ್ಟರಲ್ಲಿ ಒಳಗಿನ ತಂತ್ರಾಂಶ ಬದಲಾಗಿತ್ತು. ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಮೊದಲ ಚಳಿಗಾಲದ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಹೆಲ್ಸಿಂಕಿಯ ತರಗತಿಗಳ ಗಾಳಿ ತಾಲಿನ್‌ಗಿಂತ ಎದ್ದು ಕಾಣುವಷ್ಟು ಚೆನ್ನಾಗಿತ್ತು. ಖಾಲಿ ತರಗತಿಯಲ್ಲಿ ಕೂಡ! ರಾತ್ರಿ ಎರಡು ಗಂಟೆಗೆ ಬೀಗ ಹಾಕಿದ ಕೋಣೆಯಲ್ಲಿ ಯಾರು ಉಸಿರಾಡುತ್ತಾರೆ? ಆಗ ಅನುಮಾನ ಬಂತು. ಈ ಯಂತ್ರಗಳು ಅತಿಗೆಂಪು ಬೆಳಕಿನಿಂದ ಅಳೆಯುತ್ತವೆ, ಕಾರ್ಬನ್ ಡೈಆಕ್ಸೈಡ್ ಆ ಬೆಳಕನ್ನು ಹೀರಿಕೊಳ್ಳುತ್ತದೆ, ಎಷ್ಟು ಹೀರಿತು ಅನ್ನುವುದರಿಂದ ಲೆಕ್ಕ. ಕಾಲ ಕಳೆದಂತೆ ಅಳತೆ ಸ್ವಲ್ಪ ಸ್ವಲ್ಪ ಜಾರುತ್ತದೆ. ಅದಕ್ಕೆ ಯಂತ್ರವೇ ತನ್ನನ್ನು ತಾನು ತಿದ್ದಿಕೊಳ್ಳುವ ವ್ಯವಸ್ಥೆ ಇರುತ್ತದೆ. ಒಂದು ವಾರದಲ್ಲಿ ಕಂಡ ಅತಿ ಕಡಿಮೆ ಅಂಕಿಯನ್ನು ಹೊರಗಿನ ಶುದ್ಧ ಗಾಳಿ ಅಂದುಕೊಂಡು, ಅದನ್ನು 400 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 400 ಪಾಲು) ಅಂತ ಇಟ್ಟುಕೊಳ್ಳುತ್ತದೆ. ಈಗ ಹೊರಗಿನ ಗಾಳಿಯೇ 420ರ ಹತ್ತಿರ ಇದೆ. ಒಂದು ಗುಂಪಿನಲ್ಲಿ ಈ ತಿದ್ದುಪಡಿ ಚಾಲೂ ಇತ್ತು, ಇನ್ನೊಂದರಲ್ಲಿ ಕಂಪನಿಯವರು ಬಂದ್ ಮಾಡಿ ಕಳಿಸಿದ್ದರು. ಮೂರು ತಿಂಗಳ ಅಂಕಿಗಳನ್ನು ಹೋಲಿಸುವ ಹಾಗೇ ಇರಲಿಲ್ಲ.

ಖರೀದಿ ನಿಯಮ ಎರಡಾದ್ದರಿಂದ ವಿಜ್ಞಾನವೂ ಎರಡಾಯಿತು. ಇದನ್ನು ನಾನು ಯಾರಿಗೆ ಬೇಕಾದರೂ ಗಟ್ಟಿಯಾಗಿ ಹೇಳುತ್ತೇನೆ. ಒಪ್ಪಂದದ ಕಾಗದದಲ್ಲಿ ಸಹಿ ಹಾಕಿದವರು ಯಾರೂ ಈ ಡಬ್ಬಿಯ ಬಗ್ಗೆ ಯೋಚಿಸಿರುವುದಿಲ್ಲ, ಯೋಚಿಸುವುದು ಅವರ ಕೆಲಸವೂ ಅಲ್ಲ. ಆದರೆ ಯಾರದಾದರೂ ಕೆಲಸ ಆಗಿರಲೇಬೇಕು.

ಏನು ಮಾಡಿದೆವು? ಹೆಲ್ಸಿಂಕಿಯ ಹನ್ನೆರಡು ಯಂತ್ರಗಳನ್ನು ಬಿಚ್ಚಿ ಸೂಟ್‌ಕೇಸಿನಲ್ಲಿ ಹಾಕಿಕೊಂಡು ನಾನೇ ಹಡಗಿನಲ್ಲಿ ತಾಲಿನ್‌ಗೆ ತಂದೆ. ಎರಡೂ ದೇಶ ಒಕ್ಕೂಟದೊಳಗೆ ಇರುವುದರಿಂದ ಸುಂಕದ ತಕರಾರು ಇಲ್ಲ. ಎಲ್ಲವನ್ನೂ ಒಂದೇ ಕೋಣೆಯಲ್ಲಿ, ಒಂದೇ ಮೇಜಿನ ಮೇಲೆ, ಒಂದು ವಾರ ಅಕ್ಕಪಕ್ಕ ಇಟ್ಟೆವು. ಯಾವುದು ಎಷ್ಟು ಜಾಸ್ತಿ ತೋರಿಸುತ್ತದೆ, ಯಾವುದು ಕಡಿಮೆ, ಬರೆದುಕೊಂಡೆವು. ಅಳತೆಯ ಕೆಲಸದಲ್ಲಿ ಇದಕ್ಕಿಂತ ಹಳೆಯ, ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಅದಕ್ಕೇನವಾ, ನಾವೂ ಕೊಲ್ಹಾಪುರದವ್ರ ಗೇಜ್ ಬ್ಯಾರೆ ನಮ್ಮ ಗೇಜ್ ಬ್ಯಾರೆ ತೋರ್ಸಿದ್ರ ಎರಡೂ ಒಂದ ಟೇಬಲ್ ಮ್ಯಾಲ ಇಟ್ಟ ನೋಡ್ತಿದ್ವಿ" ಅಂದರು.

ಅಂಕಿ ಸರಿಹೋದ ಮೇಲೆ ಅಂಕಿಯ ಅರ್ಥದ ಪ್ರಶ್ನೆ. ಯಾವ ಮಟ್ಟ ದಾಟಿದರೆ ಗಾಳಿ ಕೆಟ್ಟಿದೆ ಅನ್ನಬೇಕು? ಫಿನ್‌ಲೆಂಡಿನಲ್ಲಿ ಹೊರಗಿನ ಗಾಳಿಗಿಂತ 1150 ಪಿಪಿಎಂ ಜಾಸ್ತಿಯಾದರೆ ಕ್ರಮ ತೆಗೆದುಕೊಳ್ಳಬೇಕು ಅನ್ನುವ ನಿಯಮ. ತಾಲಿನ್ ಕಡೆ ನಾವು ಒಟ್ಟು 1000 ಪಿಪಿಎಂ ಅನ್ನುವ ಗೆರೆ ಇಟ್ಟುಕೊಂಡಿದ್ದೆವು. ಒಂದು ಹೊರಗಿನದಕ್ಕೆ ಹೋಲಿಸಿ, ಇನ್ನೊಂದು ಸೊನ್ನೆಯಿಂದ. ಅದೇ ಗಾಳಿ ತುಂಬಿದ ಅದೇ ತರಗತಿ ಒಂದು ದಡದಲ್ಲಿ ಪಾಸು, ಇನ್ನೊಂದು ದಡದಲ್ಲಿ ಫೇಲು. ವರದಿಯಲ್ಲಿ ಎರಡೂ ಗೆರೆ ಹಾಕಿದೆವು. ಯಾರ ಗೆರೆ ಸರಿ ಅಂತ ಜಗಳಕ್ಕೆ ಕೂತಿದ್ದರೆ ಯೋಜನೆ ಅಲ್ಲೇ ಮುಗಿಯುತ್ತಿತ್ತು.

ಭಾಷೆಯ ಒಂದು ಸಂಗತಿ ಹೇಳಲೇಬೇಕು. ಎಸ್ಟೋನಿಯನ್ ಮತ್ತು ಫಿನ್ನಿಶ್ ಒಂದೇ ಬಳಗದ ಭಾಷೆಗಳು, ಕನ್ನಡ ತಮಿಳಿನ ಹಾಗೆ. ಒಂದು ಎರಡು ಮೂರಕ್ಕೆ ಇವರು ಯುಕ್ಸ್, ಕಾಕ್ಸ್, ಕೋಲ್ಮ್ ಅಂದರೆ ಅವರು ಯುಕ್ಸಿ, ಕಾಕ್ಸಿ, ಕೋಲ್ಮೆ. ಮೀನಿಗೆ ಎರಡರಲ್ಲೂ ಕಾಲ, ನೀರಿಗೆ ಎರಡರಲ್ಲೂ ವೇಸಿ. ಅಷ್ಟು ಹತ್ತಿರ ಇರುವುದರಿಂದಲೇ ಎಡವುವುದು. ಹಾಲಿಟುಸ್ ಅಂತ ಒಂದು ಪದ ಇದೆ. ಎಸ್ಟೋನಿಯನ್ನಿನಲ್ಲಿ ಅದಕ್ಕೆ ಬೂಷ್ಟು ಅನ್ನುವ ಅರ್ಥ, ಫಿನ್ನಿಶ್‌ನಲ್ಲಿ ಸರ್ಕಾರ ಅಂತ! ಗೋಡೆಯ ಬೂಷ್ಟು ನಮ್ಮ ಯೋಜನೆಯ ಅರ್ಧ ವಿಷಯ. ತಾಲಿನ್‌ನ ಒಂದು ಶಾಲೆಯ ಟಿಪ್ಪಣಿಯನ್ನು ಯಂತ್ರಾನುವಾದ ಇಲ್ಲದೆ ಹಾಗೇ ಓದಿದ ಹೆಲ್ಸಿಂಕಿಯ ಸಹೋದ್ಯೋಗಿಗೆ "ಕಿಟಕಿಯ ಕೆಳಗೆ ಸರ್ಕಾರ ಇದೆ" ಅಂತ ಕಂಡಿತು. ಎಲ್ಲರೂ ನಕ್ಕೆವು. ಮರುದಿನವೇ ಕೂತು ನಲವತ್ತು ಪದಗಳ ಪಟ್ಟಿ ಮಾಡಿದೆವು, ಎರಡು ಭಾಷೆ ಮತ್ತು ಇಂಗ್ಲಿಷಿನಲ್ಲಿ. ಮೂಲೆಯಲ್ಲಿ ನಾನು ಕನ್ನಡದ ಪದಗಳನ್ನೂ ಬರೆದೆ, ಯಾರೂ ಅಳಿಸಲಿಲ್ಲ.

ಇದನ್ನೆಲ್ಲ ಬಿಡಿಸುತ್ತಿದ್ದವರು ತಾಲಿನ್‌ನ ನಮ್ಮ ಸಂಯೋಜಕಿ. ಐವತ್ತು ದಾಟಿದ ಹೆಂಗಸು. ಗಂಡ ವಾರವಿಡೀ ಹೆಲ್ಸಿಂಕಿಯಲ್ಲಿ ಕಟ್ಟಡ ಕೆಲಸ ಮಾಡಿ ಶುಕ್ರವಾರ ಹಡಗಿನಲ್ಲಿ ಮನೆಗೆ ಬರುವವರು, ಅಲ್ಲಿ ಅಂಥ ಮನೆಗಳು ಬಹಳ. ಇವರಿಗೆ ಫಿನ್ನಿಶ್ ಚೆನ್ನಾಗಿ ಬರುತ್ತಿತ್ತು. ಎಲ್ಲಿ ಕಲಿತಿರಿ ಅಂದರೆ, ಚಿಕ್ಕಂದಿನಲ್ಲಿ ಟಿವಿ ನೋಡಿ. ಸೋವಿಯತ್ ಕಾಲದಲ್ಲಿ ಉತ್ತರ ಎಸ್ಟೋನಿಯಾದ ಮನೆಗಳಿಗೆ ಫಿನ್‌ಲೆಂಡಿನ ಟಿವಿ ಸಿಗುತ್ತಿತ್ತು, ಒಂದು ಪೀಳಿಗೆಯೇ ಅದರಿಂದ ಭಾಷೆ ಕಲಿಯಿತು. 1965ರಲ್ಲಿ ಹಡಗಿನ ಓಡಾಟ ಮತ್ತೆ ಶುರುವಾಗಿದ್ದರೂ ಎಸ್ಟೋನಿಯಾದ ಜನ ಸುಮ್ನೆ ಹತ್ತಿ ಹೋಗುವ ಹಾಗಿರಲಿಲ್ಲ. 1991ರಲ್ಲಿ ಸ್ವಾತಂತ್ರ್ಯ ಮರಳಿತು, 2004ರಲ್ಲಿ ಒಕ್ಕೂಟ, 2007ರಲ್ಲಿ ಷೆಂಗೆನ್, 2011ರಲ್ಲಿ ಯೂರೋ. ಅವರ ಮಾತಿನಲ್ಲಿ ಇವೆಲ್ಲ ಇಸವಿಗಳಾಗಿ ಬರುತ್ತಿರಲಿಲ್ಲ. ಆ ವರ್ಷ ಪಾಸ್‌ಪೋರ್ಟ್ ತೋರಿಸುವ ಸಾಲು ಹೋಯಿತು, ಈ ವರ್ಷ ನೋಟು ಬದಲಾಯಿಸುವ ಸಾಲು ಹೋಯಿತು ಅಂತ ಬರುತ್ತಿದ್ದವು.

ಅವರ ಕೋಣೆಯ ಗೋಡೆಯ ಮೇಲೆ ಒಂದು ದೊಡ್ಡ ಕ್ಯಾಲೆಂಡರ್. ನೀಲಿ ಬಣ್ಣ ಹೆಲ್ಸಿಂಕಿಯ ರಜೆಗೆ, ಹಳದಿ ತಾಲಿನ್‌ನ ರಜೆಗೆ. ಹೆಲ್ಸಿಂಕಿಯಲ್ಲಿ ಶಾಲೆ ಆಗಸ್ಟ್ ಮಧ್ಯದಲ್ಲಿ ತೆರೆಯುತ್ತದೆ, ತಾಲಿನ್‌ನಲ್ಲಿ ಸೆಪ್ಟೆಂಬರ್ 1ಕ್ಕೆ. ಶರತ್ಕಾಲದ ರಜೆ ಅಲ್ಲಿ ಮೊದಲು, ಇಲ್ಲಿ ಅಕ್ಟೋಬರ್ ಕೊನೆಗೆ. ಜುಲೈ ತಿಂಗಳು ಫಿನ್‌ಲೆಂಡಿನ ಕಚೇರಿಗಳಲ್ಲಿ ಜನ ಸಿಗುವುದೇ ಕಷ್ಟ, ಎಲ್ಲರೂ ಹಳ್ಳಿಯ ಮನೆಗೆ ಹೋಗಿರುತ್ತಾರೆ. ನಡುಬೇಸಿಗೆಯ ಹಬ್ಬ ಎರಡೂ ಕಡೆ ಇದೆ, ಆದರೆ ಅಲ್ಲಿ ಯಾವಾಗಲೂ ಶನಿವಾರ, ಇಲ್ಲಿ ಜೂನ್ 24ಕ್ಕೆ. ನೀಲಿ ಹಳದಿ ಎರಡೂ ಇಲ್ಲದ ವಾರಗಳನ್ನು ಅವರು ಪೆನ್ಸಿಲಿನಿಂದ ಸುತ್ತಿದ್ದರು. ವರ್ಷಕ್ಕೆ ಎಣಿಸಿದರೆ ನಾವು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ. ಅಳತೆ ಎಲ್ಲ ಆ ವಾರಗಳಲ್ಲೇ ಆಗಬೇಕು, ಇಲ್ಲದಿದ್ದರೆ ಒಂದು ಕಡೆ ಮಕ್ಕಳಿರುವ ತರಗತಿಯನ್ನು ಇನ್ನೊಂದು ಕಡೆ ಖಾಲಿ ತರಗತಿಯ ಜೊತೆ ಹೋಲಿಸಿದ ಹಾಗೆ. ಅರ್ಜಿ ಬರೆಯುವಾಗಲೇ ಈ ಕ್ಯಾಲೆಂಡರ್ ಮಾಡಿದ್ದರೆ ಒಂದು ಪೂರ್ತಿ ಹಂಗಾಮು ಉಳಿಯುತ್ತಿತ್ತು ಅಂತ ಅವರು ಮೂರ್ನಾಲ್ಕು ಸಲ ಹೇಳಿದರು. ನನಗೆ ಸಿಕ್ಕ ದೊಡ್ಡ ಪಾಠ ಅದೇ ಅಂತ ಈಗಲೂ ಅನಿಸುತ್ತದೆ.

ಚೆನ್ನಾಗಿ ನಡೆದದ್ದನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯ. ಎಸ್ಟೋನಿಯಾದಲ್ಲಿ ವಾಸದ ಕಾರ್ಡಿನಲ್ಲೇ ಚಿಪ್ ಇರುತ್ತದೆ, ಎರಡು ಪಿನ್. ಒಂದು ನೀವು ಯಾರು ಅಂತ ತೋರಿಸಲು, ಇನ್ನೊಂದು ಸಹಿ ಹಾಕಲು. ಮನೆಯಲ್ಲಿ ಕೂತು ಹಾಕಿದ ಸಹಿಗೆ ಕೈಬರಹದ ಸಹಿಯಷ್ಟೇ ಬೆಲೆ. ನಮ್ಮ ಪಾಲುದಾರರ ಒಪ್ಪಂದಕ್ಕೆ ಇಲ್ಲಿನವರು ಒಂದು ರೀತಿಯ ಕಡತದಲ್ಲಿ ಸಹಿ ಹಾಕಿದರು, ಅಲ್ಲಿನವರು ಇನ್ನೊಂದು ಸೇವೆಯಲ್ಲಿ. ಯಾವುದು ಮೂಲ ಪ್ರತಿ ಅಂತ ಮೂರು ವಾರ ಪತ್ರ ಓಡಾಡಿತು, ಆಮೇಲೆ ಸರಿಹೋಯಿತು. ಆದರೆ ಅದರ ಕೆಳಗಿನ ಅಡಿಪಾಯ ಗಟ್ಟಿ ಇದೆ. 2013ರ ಡಿಸೆಂಬರಿನಲ್ಲಿ ಎರಡೂ ದೇಶದ ಪ್ರಧಾನಿಗಳು ಸಹಕಾರದ ಒಪ್ಪಂದಕ್ಕೆ ಡಿಜಿಟಲ್ ಸಹಿ ಹಾಕಿದರು. ಎಸ್ಟೋನಿಯಾ 2001ರಿಂದ ಬಳಸುತ್ತಿದ್ದ, ಇಲಾಖೆಗಳು ಮಾಹಿತಿ ಹಂಚಿಕೊಳ್ಳುವ ಎಕ್ಸ್-ರೋಡ್ ಅನ್ನುವ ವ್ಯವಸ್ಥೆಯನ್ನು ಫಿನ್‌ಲೆಂಡ್ ಕೂಡ ತನ್ನದಾಗಿ ಮಾಡಿಕೊಂಡಿತು. 2017ರಲ್ಲಿ ಅದನ್ನು ನೋಡಿಕೊಳ್ಳಲು ಇಬ್ಬರೂ ಸೇರಿ ತಾಲಿನ್‌ನಲ್ಲಿ ಒಂದು ಸಂಸ್ಥೆ ಕಟ್ಟಿದರು, 2018ರ ಫೆಬ್ರವರಿಯಲ್ಲಿ ಎರಡೂ ದೇಶದ ವ್ಯವಸ್ಥೆಗಳನ್ನು ಜೋಡಿಸಿದರು. ಎಲ್ಲ ಮಾಹಿತಿಯನ್ನು ಒಂದೇ ಉಗ್ರಾಣದಲ್ಲಿ ಗುಡ್ಡೆ ಹಾಕುವುದಿಲ್ಲ. ಪ್ರತಿ ಇಲಾಖೆ ತನ್ನ ಕಡತ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಬೇಕಾದವರು ಮುದ್ರೆ ಹಾಕಿ ಕೇಳುತ್ತಾರೆ, ಇದ್ದವರು ಮುದ್ರೆ ಹಾಕಿ ಉತ್ತರ ಕೊಡುತ್ತಾರೆ, ಯಾರು ಯಾವಾಗ ಕೇಳಿದರು ಅನ್ನುವುದು ದಾಖಲಾಗಿ ಉಳಿಯುತ್ತದೆ.

ಔಷಧದ ಚೀಟಿ ಇನ್ನೊಂದು. ಅದು ಒಕ್ಕೂಟದ ಆರೋಗ್ಯ ಜಾಲದ ಮೂಲಕ ನಡೆಯುತ್ತದೆ. 2019ರ ಜನವರಿಯಿಂದ ಫಿನ್‌ಲೆಂಡಿನ ವೈದ್ಯರು ಕಂಪ್ಯೂಟರಿನಲ್ಲಿ ಬರೆದ ಔಷಧ ಎಸ್ಟೋನಿಯಾದ ಅಂಗಡಿಯಲ್ಲಿ ಸಿಗುತ್ತದೆ. ಹೆಲ್ಸಿಂಕಿಯಿಂದ ಬಂದಿದ್ದ ಸಹೋದ್ಯೋಗಿಯೊಬ್ಬರು ರಕ್ತದೊತ್ತಡದ ಗುಳಿಗೆ ಮರೆತು ಬಂದಿದ್ದರು. ನಾನೇ ಅವರ ಜೊತೆ ತಾಲಿನ್‌ನ ಔಷಧದಂಗಡಿಗೆ ಹೋದೆ. ಗುರುತಿನ ಚೀಟಿ ತೋರಿಸಿದರು, ಗುಳಿಗೆ ತೆಗೆದುಕೊಂಡರು, ಹೊರಗೆ ಬಂದೆವು. ಐದು ನಿಮಿಷವೂ ಆಗಲಿಲ್ಲ. ಅವರಿಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ. ನಾನು ಮಾತ್ರ ಅಂಗಡಿಯ ಹೊರಗೆ ನಿಂತುಬಿಟ್ಟೆ. ಚಂದಗಡದಿಂದ ಬೆಳಗಾವಿಯ ಆಸ್ಪತ್ರೆಗೆ ಬರುವ ಅಜ್ಜಿಯರು ಪ್ಲಾಸ್ಟಿಕ್ ಚೀಲದಲ್ಲಿ ಎಕ್ಸ್‌ರೇ, ಚೀಟಿ ಎಲ್ಲ ಸುತ್ತಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ಕೂತಿರುವುದು ಕಣ್ಣಿಗೆ ಬಂತು.

2024ರಲ್ಲಿ ಯೋಜನೆ ಮುಗಿಯಿತು. ಕೊನೆಯ ಸಭೆಗೆ ಬೆಳಗಾವಿಯಿಂದ ಕುಂದಾ ತರಿಸಿ ಒಯ್ದಿದ್ದೆ, ಎರಡು ದಡದವರೂ ಜಗಳವಿಲ್ಲದೆ ಒಪ್ಪಿದ ಮೊದಲ ಸಂಗತಿ ಅದೇ ಅಂದರು. ಸಂಯೋಜಕಿ ತಮ್ಮ ಹಳೆಯ ಕ್ಯಾಲೆಂಡರನ್ನು ಸುತ್ತಿ ನನ್ನ ಕೈಗೆ ಕೊಟ್ಟರು.

ಈಗ ಇಲ್ಲಿಯ ಮಾತು. ಖಾನಾಪುರ ತಾಲೂಕು ಮತ್ತು ಚಂದಗಡ ತಾಲೂಕು ಅಕ್ಕಪಕ್ಕ ಇವೆ. ಎರಡಕ್ಕೂ ಸಹ್ಯಾದ್ರಿಯ ಮಳೆ, ಜೂನಿನಿಂದ ಸೆಪ್ಟೆಂಬರಿನವರೆಗೆ ಹೊಡೆಯುತ್ತಲೇ ಇರುತ್ತದೆ. ಎರಡೂ ಕಡೆ ಸರ್ಕಾರಿ ಶಾಲೆಯ ಗೋಡೆಗಳು ಆಗಸ್ಟ್ ಹೊತ್ತಿಗೆ ಕಪ್ಪಾಗುತ್ತವೆ. ನಾವು ಬೂಷ್ಟು ಅನ್ನುತ್ತೇವೆ, ಅವರು ಮರಾಠಿಯಲ್ಲಿ ಬುರಶಿ ಅನ್ನುತ್ತಾರೆ. ಗಡಿಯ ವಿಚಾರ ಕೋರ್ಟಿನಲ್ಲಿದೆ, ಅದರ ಬಗ್ಗೆ ನಾನು ಇಲ್ಲಿ ಬರೆಯಲು ಹೋಗುವುದಿಲ್ಲ. ತೇವ ಕುಡಿದ ಗೋಡೆಯ ಪಕ್ಕ ಕೂತು ಕೆಮ್ಮುವ ಮಗು ಎರಡೂ ಕಡೆ ಒಂದೇ ರೀತಿ ಕೆಮ್ಮುತ್ತದೆ.

ಮಹಾರಾಷ್ಟ್ರದ ಗಡಹಿಂಗ್ಲಜದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ಒಬ್ಬರು ಸಿಕ್ಕರು. ಅವರಿಗೆ ಕನ್ನಡ ಅರ್ಥವಾಗುತ್ತದೆ, ನನಗೆ ಮರಾಠಿ ಬರುತ್ತದೆ. ಎರಡು ತಾಲೂಕಿನಲ್ಲಿ ಒಂದೊಂದು ಶಾಲೆ, ಒಂದು ಮಳೆಗಾಲ, ಐದೈದು ಯಂತ್ರ. ಇಷ್ಟೇ ನಮ್ಮ ಯೋಜನೆ. ಹಣ ಸದ್ಯಕ್ಕೆ ನಾವಿಬ್ಬರೇ ಹಾಕಿಕೊಂಡಿದ್ದೇವೆ. ಹಾಗಾಗಿ ಹತ್ತೂ ಯಂತ್ರಗಳನ್ನು ಒಂದೇ ಸಲ, ಒಂದೇ ಅಂಗಡಿಯಿಂದ, ಒಂದೇ ಬಿಲ್ಲಿನಲ್ಲಿ ಕೊಂಡೆವು. ಆ ಬಿಲ್ಲು ಕೈಗೆ ಬಂದಾಗ ಆದ ಸಂತೋಷ ಹೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ.

ಮೊದಲು ಮಾಡಿದ್ದು ಕ್ಯಾಲೆಂಡರ್. ನಮ್ಮ ಕಡೆ ಶಾಲೆ ಮೇ ಕೊನೆಗೋ ಜೂನ್ ಮೊದಲಿಗೋ ತೆರೆಯುತ್ತದೆ, ಅವರ ಕಡೆ ಜೂನ್ ಮಧ್ಯಕ್ಕೆ. ನಮಗೆ ದೊಡ್ಡ ರಜೆ ದಸರೆಗೆ, ಅವರಿಗೆ ದೀಪಾವಳಿಗೆ. ಗಣಪತಿಗೆ ಎರಡೂ ಕಡೆ ಶಾಲೆ ಖಾಲಿ. ಸಂಯೋಜಕಿ ಕೊಟ್ಟ ಕ್ಯಾಲೆಂಡರಿನ ಬೆನ್ನಿಗೆ ಗೆರೆ ಹೊಡೆದು ಹಳದಿ ನಮಗೆ, ನೀಲಿ ಅವರಿಗೆ ಅಂತ ತುಂಬಿದೆವು. ಎರಡೂ ಬಣ್ಣ ಇಲ್ಲದ ವಾರಗಳು ಜುಲೈ ಮತ್ತು ಆಗಸ್ಟಿನಲ್ಲಿ ಸಾಲಾಗಿ ಸಿಕ್ಕವು. ಬೂಷ್ಟು ಹಿಡಿಯುವುದೂ ಆಗಲೇ. ಶಾಲೆಯ ಮುಖ್ಯ ಗುರುಗಳಿಗೆ ಹೇಳಲು ಹೋದಾಗ ಖಾನಾಪುರದ ಕಡೆಯವರು, "ಯಂತ್ರ ಹಚ್ರಿ ಮೇಡಂ, ಹಚ್ಚಿ ಮರೀಬ್ಯಾಡ್ರಿ, ಏನ ಬಂತು ಅಂತ ನಮಗೂ ಹೇಳ್ರಿ" ಅಂದರು. ಚಂದಗಡದ ಕಡೆಯ ಶಾಲೆಯಲ್ಲೂ ಬಹುತೇಕ ಇದೇ ಮಾತು, ಮರಾಠಿಯಲ್ಲಿ. ಅಂಕಿಗಳನ್ನು ಎರಡೂ ಭಾಷೆಯಲ್ಲಿ, ಪ್ರತಿ ತಿಂಗಳು, ಎರಡೂ ಶಾಲೆಗೆ ಕೊಡುವುದು ಅಂತ ಕಾಗದದಲ್ಲಿ ಬರೆದು ನಾಲ್ವರೂ ಸಹಿ ಹಾಕಿದ್ದೇವೆ. ಪೆನ್ನಿನಿಂದ.

ಸದ್ಯಕ್ಕೆ ಹತ್ತೂ ಯಂತ್ರ ನಮ್ಮ ಮನೆಯ ಅಡುಗೆಮನೆ ಕಪಾಟಿನ ಮೇಲೆ ಸಾಲಾಗಿ ಕೂತಿವೆ. ಒಂದು ವಾರ ಅಕ್ಕಪಕ್ಕ ಇಡಲೇಬೇಕು ಅಂತ ನಾನು ಹಟ ಮಾಡಿದೆ. ಅವ್ವ ಬೆಳಿಗ್ಗೆ ಗ್ಯಾಸ್ ಹಚ್ಚಿದ ಕೂಡಲೇ ಎಲ್ಲವೂ ಒಟ್ಟಿಗೆ ಏರುತ್ತವೆ, ಕಿಟಕಿ ತೆರೆದರೆ ಒಟ್ಟಿಗೆ ಇಳಿಯುತ್ತವೆ. ಅಪ್ಪ ಕನ್ನಡಕ ಹಾಕಿಕೊಂಡು ದಿನಕ್ಕೆ ಮೂರು ಸಲ ಅಂಕಿ ಬರೆಯುತ್ತಾರೆ. ಏಳನೆಯದು ಉಳಿದವಕ್ಕಿಂತ ಸ್ವಲ್ಪ ಕಡಿಮೆ ತೋರಿಸುತ್ತಿದೆ ಅಂತ ನಿನ್ನೆ ಅವರೇ ಕಂಡುಹಿಡಿದರು. ಅದನ್ನು ಸರಿ ಮಾಡಿ ಸೋಮವಾರ ಚಂದಗಡದ ಬಸ್ ಹತ್ತಬೇಕು.